ನೇತ್ರಾಣಿಯಲ್ಲಿ ನೀರಿಗಿಳಿಸುವ ಮೊದಲು ಕನ್ನಡದಲ್ಲಿ ಹೇಳಿ: ಪ್ರವಾಸೋದ್ಯಮ ಇಲಾಖೆಗೊಂದು ಬಹಿರಂಗ ಪತ್ರ

ಕರ್ನಾಟಕ ಪ್ರವಾಸೋದ್ಯಮ ಇಲಾಖೆಯ ಮಾನ್ಯ ಸಚಿವರಿಗೆ, ಅಧಿಕಾರಿಗಳಿಗೆ ಮತ್ತು ಉತ್ತರ ಕನ್ನಡ ಜಿಲ್ಲಾಡಳಿತಕ್ಕೆ,

ನಮಸ್ಕಾರ.

ಮುರುಡೇಶ್ವರದ ಎದುರಿನ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ (ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯೋಕೆ) ಅಂತ ಈಗ ಯಾರೆಲ್ಲ ಹೋಗುತ್ತಾರೆ ಅಂತ ನೋಡಬೇಕಿದ್ದರೆ ಡಿಸೆಂಬರ್‌ನ ಒಂದು ಶನಿವಾರ ಬೆಳಿಗ್ಗೆ ಮುರುಡೇಶ್ವರದಲ್ಲಿ ದೋಣಿ ಹತ್ತುವ ಜಾಗಕ್ಕೆ ಬಂದು ನಿಲ್ಲಿ. ಬೆಂಗಳೂರಿನ ಐಟಿ ಹುಡುಗರು ಮಾತ್ರ ಬರುತ್ತಿದ್ದ ಕಾಲ ಹೋಯಿತು. ಈಗ ದಾವಣಗೆರೆಯ ಬಟ್ಟೆ ಅಂಗಡಿಯವರು ಬರುತ್ತಾರೆ, ಹಾಸನದಿಂದ ಹೊಸದಾಗಿ ಮದುವೆಯಾದವರು ಬರುತ್ತಾರೆ, ವಿಜಯಪುರದಿಂದ ಟೆಂಪೋ ಟ್ರಾವೆಲರ್ ಮಾಡಿಕೊಂಡು ಒಂದಿಡೀ ಸ್ನೇಹಿತರ ಗುಂಪು ಬರುತ್ತದೆ. ಬಹಳ ಮಂದಿಗೆ ಈಜು ಬರೋದಿಲ್ಲ. ಕೆಲವರು ಸಮುದ್ರ ನೋಡೋದೇ ಮೊದಲ ಸಲ. ರೀಲ್ಸ್ ನೋಡಿ ಆಸೆಪಟ್ಟು, ತಲೆಗೆ ಐದಾರು ಸಾವಿರ ಕೊಟ್ಟು ಬಂದವರು. ನನಗೆ ಇದು ತುಂಬಾ ಖುಷಿ ಕೊಡುವ ವಿಷಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆದರೆ ಇವರಿಗೆ ದೋಣಿಯಲ್ಲಿ ಸಿಗುವ ತಿಳಿವಳಿಕೆ ಯಾವ ಭಾಷೆಯಲ್ಲಿದೆ? ಇಂಗ್ಲಿಷ್‌ನಲ್ಲಿ ಒಂದಷ್ಟು, ಹಿಂದಿಯಲ್ಲಿ ಒಂದಷ್ಟು. ಅದೂ ಇಂಜಿನ್ ಸದ್ದಿನ ಮಧ್ಯೆ, ಅರ್ಧ ಜನಕ್ಕೆ ಹೊಟ್ಟೆ ತೊಳಸುತ್ತಿರುವಾಗ. ಅದಕ್ಕೂ ಮೊದಲು ಒಂದು ಫಾರಂ ಕೊಡುತ್ತಾರೆ, ಅದು ಪೂರ್ತಿ ಇಂಗ್ಲಿಷ್. ಎಲ್ಲರೂ ಪೆನ್ನು ಇಸಿದುಕೊಂಡು ಕೊನೆಯಲ್ಲಿ ಸಹಿ ಹಾಕಿ ಕೊಡುತ್ತಾರೆ, ಬ್ಯಾಂಕ್ ಸಾಲದ ಪತ್ರಕ್ಕೆ ಹಾಕಿದ ಹಾಗೆ. ಕನ್ನಡ ನಾಡಿನ ದ್ವೀಪ, ಕನ್ನಡದ ಜನ, ಜೀವಕ್ಕೆ ಸಂಬಂಧಿಸಿದ ಮಾತು. ಅದನ್ನು ಕನ್ನಡದಲ್ಲಿ ಹೇಳುವ ನಿಯಮ ಮಾಡಿ ಅಂತ ಕೇಳೋಕೇ ಈ ಪತ್ರ.

ಇದು ಭಾಷಾಭಿಮಾನದ ಜಗಳ ಅಂತ ದಯವಿಟ್ಟು ಪಕ್ಕಕ್ಕಿಡಬೇಡಿ. ಅಂಗಡಿ ಬೋರ್ಡ್ ಯಾವ ಭಾಷೆಯಲ್ಲಿದ್ದರೂ ಯಾರಿಗೂ ಕಿವಿ ತಮಟೆ ಹರಿಯೋದಿಲ್ಲ. ಇಲ್ಲಿ ಹರಿಯುತ್ತದೆ. ನಮ್ಮ ಅಕ್ಕನ ಗಂಡ, ಗದಗಿನ ಭಾವ, ಹಾಗೆಯೇ ಕಿವಿ ನೋಯಿಸಿಕೊಂಡು ಬಂದು ಡಾಕ್ಟರ ಹತ್ತಿರ ಅಲೆದರು. ನೀರೊಳಗೆ ಹೋಗುವಾಗ ಕಿವಿಯ ಒತ್ತಡ ಹೇಗೆ ಸರಿಮಾಡಿಕೊಳ್ಳಬೇಕು ಅಂತ ಹೇಳಿರಲಿಲ್ಲವಾ ಅಂತ ಕೇಳಿದರೆ ಅವರು ಅಂದದ್ದು: "ಏನೋ ಈಕ್ವಲೈಸ್ ಅಂತ ಅಂದ್ರ್‌ಪಾ, ಎಲ್ಲಾರೂ ಹೂಂ ಅಂದ್ರು, ನಾನೂ ಹೂಂ ಅಂದೆ." ಯಾವ ಸಂಸ್ಥೆ ಅಂತ ಇಲ್ಲಿ ಬರೆಯೋದಿಲ್ಲ. ಆ ಇನ್‌ಸ್ಟ್ರಕ್ಟರ್ ಹೇಳಿದ್ದರು, ಅವರ ಪ್ರಕಾರ ಅವರ ಕೆಲಸ ಆಗಿತ್ತು. ಭಾವನೂ ತಲೆ ಆಡಿಸಿದ್ದರು. ಗೊತ್ತಿಲ್ಲದ ಭಾಷೆಯಲ್ಲಿ ಹತ್ತು ಜನರ ಮುಂದೆ "ಅರ್ಥ ಆಗಲಿಲ್ಲ, ಇನ್ನೊಂದ್ಸಲ ಹೇಳಿ" ಅನ್ನೋಕೆ ನಮ್ಮವರಿಗೆ ಬರುವ ಸಂಕೋಚ ನಿಮಗೆ ಗೊತ್ತಿಲ್ಲದ್ದೇನಲ್ಲ.

ಅಷ್ಟಕ್ಕೂ ಹೇಳಬೇಕಾದ್ದು ಕಷ್ಟದ ವಿಷಯವೇ ಅಲ್ಲ. ಕನ್ನಡದಲ್ಲಿ ಎಷ್ಟು ಸುಲಭವಾಗಿ ಹೇಳಬಹುದು ನೋಡಿ. ನೀರಲ್ಲಿ ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿ ಇದ್ದದ್ದಕ್ಕಿಂತ ಎರಡರಷ್ಟಾಗುತ್ತದೆ. ಕಿವಿಯೊಳಗಿನ ಗಾಳಿ ಕುಗ್ಗುತ್ತದೆ, ತಮಟೆ ಒಳಕ್ಕೆ ಎಳೆದಂತಾಗಿ ನೋಯುತ್ತದೆ. ಅದಕ್ಕೆ ಇಳಿಯುವಾಗ ಮೂಗು ಹಿಡಿದುಕೊಂಡು, ಬಾಯಿ ಮುಚ್ಚಿ, ಮೆಲ್ಲಗೆ ಊದಬೇಕು. ನೋವು ಶುರುವಾದ ಮೇಲೆ ಊದೋದಲ್ಲ, ಮೊದಲಿನಿಂದಲೇ, ಸ್ವಲ್ಪ ಸ್ವಲ್ಪ ಇಳಿದಂತೆಲ್ಲ. ನೋವು ಬಂತಾ, ಅಲ್ಲೇ ನಿಲ್ಲಿ, ಸ್ವಲ್ಪ ಮೇಲೆ ಬನ್ನಿ, ಮತ್ತೆ ಊದಿ. ಜೋರಾಗಿ ಊದಬೇಡಿ. ನೆಗಡಿ ಆಗಿ ಮೂಗು ಕಟ್ಟಿದ್ದರೆ ಇವತ್ತು ಇಳಿಯಲೇಬೇಡಿ, ಮಾತ್ರೆ ನುಂಗಿಯೂ ಇಳಿಯಬೇಡಿ, ಏಕೆಂದರೆ ಕೆಳಗಿದ್ದಾಗ ಮಾತ್ರೆಯ ಶಕ್ತಿ ಇಳಿದರೆ ಮೇಲೆ ಬರುವಾಗ ಒಳಗಿನ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಇಷ್ಟೇ. ನಮ್ಮಜ್ಜಿಗೂ ಅರ್ಥ ಆಗುತ್ತದೆ.

ಇದಕ್ಕಿಂತ ದೊಡ್ಡದು ಉಸಿರಿನ ಮಾತು. ಈಜು ಕಲಿಯುವಾಗ, ಬಾವಿಗೆ ಹಾರುವಾಗ, ಹೊಳೆಯಲ್ಲಿ ಮುಳುಗುವಾಗ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದು ಒಂದೇ: ಉಸಿರು ಕಟ್ಟು. ಸ್ಕೂಬಾದಲ್ಲಿ ಮೊದಲನೇ ನಿಯಮವೇ ಇದರ ಉಲ್ಟಾ. ಯಾವ ಕಾರಣಕ್ಕೂ ಉಸಿರು ಕಟ್ಟಬಾರದು. ಹತ್ತು ಮೀಟರ್ ಆಳದಲ್ಲಿ ಶ್ವಾಸಕೋಶ ತುಂಬ ಗಾಳಿ ಎಳೆದುಕೊಂಡು, ಹೆದರಿ, ಬಾಯಿ ಬಿಗಿಹಿಡಿದು ಮೇಲಕ್ಕೆ ನುಗ್ಗಿದರೆ ಆ ಗಾಳಿ ಹಿಗ್ಗಿ ಎರಡರಷ್ಟಾಗಲು ನೋಡುತ್ತದೆ. ಶ್ವಾಸಕೋಶಕ್ಕೆ ಅಷ್ಟು ಜಾಗ ಇಲ್ಲ. ಜೀವ ಹೋಗಬಹುದು, ಅದಕ್ಕೆ ಹತ್ತು ಮೀಟರ್ ಆಳವೇ ಬೇಕಂತಿಲ್ಲ, ಅದಕ್ಕಿಂತ ತುಂಬಾ ಕಡಿಮೆ ಆಳವೂ ಸಾಕು. ಹುಟ್ಟಿದಾಗಿನಿಂದ ಬಂದ ಅಭ್ಯಾಸವನ್ನು ಬಿಡಿಸುವ ಮಾತನ್ನು ಅರ್ಧ ಅರ್ಥವಾಗುವ ಭಾಷೆಯಲ್ಲಿ ಹೇಳಿದರೆ ಸಾಕಾ?

ಕೈಸನ್ನೆಯದ್ದು ಇನ್ನೊಂದು ತಮಾಷೆ. ನೀರೊಳಗೆ ಮಾತಿಲ್ಲ. ಹೆಬ್ಬೆರಳು ಎತ್ತಿದರೆ ನಮ್ಮೂರಲ್ಲಿ "ಸೂಪರ್ ಗುರು" ಅಂತ. ಡೈವಿಂಗ್‌ನಲ್ಲಿ "ನನ್ನನ್ನು ಮೇಲೆ ಕರೆದುಕೊಂಡು ಹೋಗು" ಅಂತ. ಸರಿಯಾಗಿದ್ದೀನಿ ಅನ್ನೋಕೆ ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಹವಳ ನೋಡಿ ಖುಷಿಯಾಗಿ ಹೆಬ್ಬೆರಳೆತ್ತಿದ ಹುಡುಗನನ್ನು ಇನ್‌ಸ್ಟ್ರಕ್ಟರ್ ತಕ್ಷಣ ಮೇಲೆ ಎಳೆದು ತರುತ್ತಾರೆ, ಅವನಿಗೆ ಯಾಕೆ ಅಂತ ಗೊತ್ತಾಗೋದಿಲ್ಲ, ದುಡ್ಡು ಹೋಯ್ತು ಅಂತ ದೋಣಿಯಲ್ಲಿ ಜಗಳ. ಇದು ನಗುವ ವಿಷಯ. ಆದರೆ ಕಿವಿ ಕಿತ್ತುಹೋಗುವಷ್ಟು ನೋವಾಗುತ್ತಿರುವಾಗಲೂ ಅಭ್ಯಾಸಕ್ಕೆ ಉಂಗುರದ ಸನ್ನೆ ಮಾಡಿ ಇನ್ನೂ ಕೆಳಗೆ ಹೋದವರ ಬಗ್ಗೆ ನಗೋಕಾಗೋದಿಲ್ಲ.

ಇನ್ನು ಆ ಫಾರಂ. ಅದರಲ್ಲಿ ಕೇಳಿರುವುದು ಸುಮ್ನೆ ಅಲ್ಲ. ಆಸ್ತಮಾ ಇದೆಯಾ, ಹೃದಯದ ತೊಂದರೆ ಇದೆಯಾ, ಫಿಟ್ಸ್ ಬಂದಿತ್ತಾ, ಕಿವಿ ಆಪರೇಷನ್ ಆಗಿದೆಯಾ, ಗರ್ಭಿಣಿಯಾ, ಬಿಪಿಗೆ ಮಾತ್ರೆ ತಗೊಳ್ತೀರಾ. ಕೆಲವಕ್ಕೆ ಹೌದು ಅಂದರೆ ಡಾಕ್ಟರ ಸಹಿ ಇಲ್ಲದೆ ಇಳಿಸುವ ಹಾಗಿಲ್ಲ. ಜಗತ್ತಿನ ದೊಡ್ಡ ತರಬೇತಿ ಸಂಸ್ಥೆಗಳೆಲ್ಲ ಪಾಲಿಸುವ ಕ್ರಮ ಇದು. ನಮ್ಮಲ್ಲಿ ಮುಂದಿನವನು ಎಲ್ಲದಕ್ಕೂ "ನೋ" ಅಂತ ಗೀಟು ಹಾಕಿದ್ದನ್ನು ನೋಡಿ ಹಿಂದಿನವನೂ ಗೀಟು ಹಾಕುತ್ತಾನೆ. ಐವತ್ತು ದಾಟಿದ ಬಿಪಿ ಇರುವ ಮಾವನವರು ಪಕ್ಕದಲ್ಲೇ ಕೂತಿರುತ್ತಾರೆ. ಅವರಿಗೆ ಯಾರೂ ಕೇಳಲೇ ಇಲ್ಲ, ಅವರ ಭಾಷೆಯಲ್ಲಿ.

ಈಗ ನಮ್ಮ ಕರ್ನಾಟಕಕ್ಕೆ ಅಂತಲೇ ಇರುವ ಒಂದು ವಿಷಯ. ಡೈವ್ ಮಾಡಿದ ಮೇಲೆ ತಕ್ಷಣ ವಿಮಾನ ಹತ್ತಬಾರದು ಅಂತ ಒಂದಿಷ್ಟು ಜನ ಕೇಳಿರುತ್ತಾರೆ. ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿರುವ ನೈಟ್ರೋಜನ್ ಮೈಯೊಳಗೆ ಜಾಸ್ತಿ ಕರಗುತ್ತದೆ, ಅದು ನಿಧಾನವಾಗಿ ಹೊರಗೆ ಹೋಗಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಹೋದರೆ ಸುತ್ತಲಿನ ಒತ್ತಡ ಇಳಿದು, ಸೋಡಾ ಬಾಟಲಿ ತೆರೆದಂತೆ ಮೈಯೊಳಗೆ ಗುಳ್ಳೆ ಏಳಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅನ್ನುವ ಸಂಸ್ಥೆಯ ಸಲಹೆ ಪ್ರಕಾರ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯಬೇಕು. ಈ ಎಚ್ಚರಿಕೆ ಶುರುವಾಗುವುದೇ ಸುಮಾರು 2000 ಅಡಿ ಎತ್ತರದಿಂದ. ಅಂದರೆ ಸುಮಾರು 600 ಮೀಟರ್. ಬೆಂಗಳೂರು ಇರುವುದು 900 ಮೀಟರ್‌ಗಿಂತ ಮೇಲೆ, ಸಾರ್! ನಮಗೆ ವಿಮಾನವೇ ಬೇಕಿಲ್ಲ, ಮನೆಗೆ ಹೋದರೆ ಸಾಕು.

ಹೆದರಿಸೋಕೆ ಹೇಳುತ್ತಿಲ್ಲ. ಆರೇಳು ಮೀಟರ್ ಆಳದಲ್ಲಿ ಸ್ವಲ್ಪ ಹೊತ್ತು ಸುತ್ತಿ ಬಂದವರಿಗೆ ಅಪಾಯ ತೀರಾ ಕಡಿಮೆ. ರಾತ್ರಿ ಬಸ್ಸು ಹತ್ತುವವರಿಗೆ ಹೇಗೂ ಅಷ್ಟು ಗಂಟೆ ಕಳೆದಿರುತ್ತದೆ, ಬಸ್ಸು ತುಮಕೂರು ಮುಟ್ಟುವಾಗ ಬೆಳಗಿನ ಜಾವ. ಆದರೆ ಡೈವಿಂಗ್ ಕಲಿತು ಲೈಸೆನ್ಸ್ ಪಡೆದು ಬೆಳಿಗ್ಗೆಯಿಂದ ಎರಡು ಮೂರು ಆಳದ ಡೈವ್ ಮಾಡಿ, ಊಟ ಮುಗಿಸಿ ಮಧ್ಯಾಹ್ನವೇ ಕಾರು ಹತ್ತಿ, "ಹೇಗೂ ಈ ಕಡೆ ಬಂದಿದ್ದೀವಿ" ಅಂತ ಚಿಕ್ಕಮಗಳೂರಿನಲ್ಲಿ ತಂಗಿ, ಮುಂಜಾನೆ ಮುಳ್ಳಯ್ಯನಗಿರಿ ಏರುವವರು ಇದ್ದಾರಲ್ಲ, 1900 ಮೀಟರ್‌ಗಿಂತ ಎತ್ತರದ ಬೆಟ್ಟ ಅದು. ಆಮೇಲೆ ಕೀಲು ನೋವು, ಮೈ ಜೋಮು, ತಲೆಸುತ್ತು ಬಂದರೆ ಅದನ್ನು ಡೈವಿಂಗ್‌ಗೆ ಜೋಡಿಸಿ ಯೋಚಿಸುವವರು ಯಾರು? ಗ್ಯಾಸ್ಟ್ರಿಕ್ ಅಂತಲೋ ನಿದ್ದೆಗೆಟ್ಟದ್ದಕ್ಕೆ ಅಂತಲೋ ಮಾತ್ರೆ ನುಂಗಿ ಮಲಗುತ್ತಾರೆ. ಸಮುದ್ರದಿಂದ ನೇರ ಘಟ್ಟ ಹತ್ತುವ ನಾಡು ನಮ್ಮದು. ನೀರಿಗಿಳಿಯುವ ಮೊದಲು ಹೇಳೋಕೆ ಅಂತ ಹೊರಗಿನಿಂದ ತಂದ ತಿಳಿವಳಿಕೆಯಲ್ಲಿ ಘಟ್ಟದ ಮಾತು ಇರೋದಿಲ್ಲ. ಇದನ್ನು ಬರೆದು ಸೇರಿಸಬೇಕಾದವರು ನೀವೇ. ಹಾಗೇ, ಇಂಥ ತೊಂದರೆ ಆದವರನ್ನು ಒಳಗೆ ಕೂರಿಸಿ, ಗಾಳಿಯ ಒತ್ತಡ ಏರಿಸಿ ಚಿಕಿತ್ಸೆ ಕೊಡುವ ಕೋಣೆ ಹತ್ತಿರದಲ್ಲಿ ಎಲ್ಲಿದೆ, ಯಾವ ನಂಬರಿಗೆ ಫೋನ್ ಮಾಡಬೇಕು ಅನ್ನೋದನ್ನೂ ದೋಣಿ ಹತ್ತುವಲ್ಲಿ ದೊಡ್ಡದಾಗಿ ಬರೆಸಿ. ಭಟ್ಕಳ, ಹೊನ್ನಾವರದ ಸರ್ಕಾರಿ ಆಸ್ಪತ್ರೆಯ ಡಾಕ್ಟರುಗಳಿಗೂ ಒಂದು ಹಾಳೆ ಕಳಿಸಿ.

ದ್ವೀಪದ ಮಾತಿಗೆ ಬರುತ್ತೇನೆ. ದಡದಿಂದ ಸುಮಾರು 19 ಕಿಲೋಮೀಟರ್, ಮೇಲಿಂದ ನೋಡಿದರೆ ಹೃದಯದ ಆಕಾರ ಅಂತ ಡ್ರೋನ್ ವಿಡಿಯೋ ಬಂದ ಮೇಲೆ ಎಲ್ಲರಿಗೂ ಗೊತ್ತು. ಆದರೆ ಆ ಬಂಡೆಯ ಕಥೆ ವಿಡಿಯೋದಲ್ಲಿ ಬರೋದಿಲ್ಲ. ಕರಾವಳಿಯವರಿಗೆ ಅದು ಹರಕೆಯ ಜಾಗ. ಆಡು ಬಿಟ್ಟು ಬರುತ್ತಾರೆ, ಅವು ಅಲ್ಲೇ ಗುಡ್ಡ ಹತ್ತಿ ಇಳಿದು ಬದುಕುತ್ತವೆ. ಬಿಳಿ ಹೊಟ್ಟೆಯ ಕಡಲ ಹದ್ದು ಅಲ್ಲಿ ಗೂಡು ಕಟ್ಟುತ್ತದೆ. ನೌಕಾಪಡೆಯವರು ಗುರಿ ಅಭ್ಯಾಸಕ್ಕೆ ಬಳಸಿದ ಬಂಡೆಯೂ ಅದೇ. ಇಷ್ಟೆಲ್ಲ ಮೇಲೆ ನಡೆದಿದ್ದರೂ ನೀರಡಿ ಹವಳ ಉಳಿದುಕೊಂಡಿದೆ, ಗಿಳಿಮೀನು, ಚಿಟ್ಟೆಮೀನು, ಬಂಡೆ ಸಂದಿಯಿಂದ ಇಣುಕುವ ಹಾವುಮೀನು, ಅದೃಷ್ಟ ಇದ್ದರೆ ಕಡಲಾಮೆ. ಕರ್ನಾಟಕದ ಕರಾವಳಿಯಲ್ಲಿ ಇಂಥ ಜಾಗ ಬಹಳ ಕಡಿಮೆ. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು, ಅಂಡಮಾನಿಗೆ ವಿಮಾನದ ದುಡ್ಡು ಬೇಕು, ನೇತ್ರಾಣಿಗೆ ಬಸ್ ಟಿಕೆಟ್ ಸಾಕು. ಅದಕ್ಕೇ ಇಷ್ಟು ಜನ ಬರೋದು.

ಹವಳ ಅಂದರೆ ಕಲ್ಲು ಅಂತಲೇ ನಮ್ಮ ಬಹಳ ಜನ ತಿಳಿದಿರೋದು, ಉಂಗುರದಲ್ಲಿ ನೋಡಿದ ನೆನಪು. ಅದು ಜೀವ ಅಂತ ಹೇಳದೆ ನೀರಿಗೆ ಇಳಿಸಿದರೆ ಹಿಡಿದುಕೊಳ್ಳುತ್ತಾರೆ, ಕಾಲಲ್ಲಿ ಒದ್ದು ಮುಂದೆ ಹೋಗುತ್ತಾರೆ, ಫೋಟೋಗೆ ಅದರ ಮೇಲೆ ಒರಗುತ್ತಾರೆ. ಗುಂಡಾಗಿ ಬೆಳೆಯುವ ಹವಳ ವರ್ಷಕ್ಕೆ ಬೆಳೆಯೋದೇ ಒಂದೆರಡು ಸೆಂಟಿಮೀಟರ್, ಎಷ್ಟೋ ಸಲ ಅಷ್ಟೂ ಇಲ್ಲ. ಫುಟ್‌ಬಾಲ್ ಗಾತ್ರದ ಒಂದು ಗುಂಡು ಒಡೆದರೆ ಅದು ಮತ್ತೆ ಅಷ್ಟಾಗೋಕೆ ಹತ್ತಾರು ವರ್ಷವೇ ಬೇಕಾಗಬಹುದು. 2001ರಿಂದಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿ ಇರುವ ಪಟ್ಟಿಯಲ್ಲೇ, ಹವಳವೂ ಇದೆ. ಒಂದು ತುಂಡು ಜೇಬಿಗೆ ಹಾಕಿಕೊಂಡು ಬಂದರೂ ಕೇಸು. ಇದನ್ನು ಬಂಡೀಪುರದ ಜೀಪಿನಲ್ಲಿ "ಇಳಿಯಬೇಡಿ, ಕೂಗಬೇಡಿ" ಅಂತ ಹೇಳುವ ಹಾಗೆ ಕನ್ನಡದಲ್ಲಿ ಗದರಿಸಿ ಹೇಳಿದರೆ ನಮ್ಮ ಜನ ಕೇಳುತ್ತಾರೆ. ಮೀನಿಗೆ ಬಿಸ್ಕತ್ತು ಹಾಕಿ ಗುಂಪು ಸೇರಿಸಿ ವಿಡಿಯೋ ಮಾಡುವುದನ್ನೂ ಅದೇ ಉಸಿರಿನಲ್ಲಿ ನಿಲ್ಲಿಸಿ.

ಲಂಗರಿನ ವಿಷಯ ಮಾತ್ರ ಪ್ರವಾಸಿಗರಿಗೆ ಹೇಳಿ ಪ್ರಯೋಜನ ಇಲ್ಲ, ಅದು ನಿಮ್ಮ ಕೆಲಸ. ದೋಣಿ ಪ್ರತಿ ಸಲ ಲಂಗರು ಬಿಟ್ಟಾಗಲೂ ಅದು ಹವಳದ ಮೇಲೆ ಬೀಳುವ ಸಾಧ್ಯತೆ ಇದ್ದೇ ಇದೆ, ಸರಪಳಿ ಎಳೆದಾಡಿದಷ್ಟೂ ಪುಡಿ. ತಳದಲ್ಲಿ ಕಾಯಂ ಗೂಟ ಹಾಕಿ ಮೇಲೆ ತೇಲುಬುರುಡೆ ಬಿಟ್ಟರೆ ದೋಣಿಗಳು ಅದಕ್ಕೇ ಹಗ್ಗ ಕಟ್ಟಿಕೊಳ್ಳುತ್ತವೆ. ಕೆರಿಬಿಯನ್ ಕಡಲಿನ ಬೊನೇರ್ ಅನ್ನುವ ಪುಟ್ಟ ದ್ವೀಪ 1979ರಲ್ಲೇ ಸುತ್ತಲಿನ ಸಮುದ್ರವನ್ನು ರಕ್ಷಿತ ಜಾಗ ಮಾಡಿತು. ಅಲ್ಲಿ ಲಂಗರು ಬಿಡುವಂತಿಲ್ಲ, ಬುರುಡೆಗೆ ಕಟ್ಟಬೇಕು, ಡೈವ್ ಮಾಡುವವರು ಕೊಡುವ ಶುಲ್ಕದಿಂದ ಅದರ ನಿರ್ವಹಣೆ. ನಮ್ಮವರೂ ಐದು ಸಾವಿರ ಕೊಡುವಾಗ ಇನ್ನು ನೂರು ರೂಪಾಯಿಗೆ ಗೊಣಗೋದಿಲ್ಲ, ಅದು ಎಲ್ಲಿಗೆ ಹೋಯಿತು ಅಂತ ಕಂಡರೆ.

ಕನ್ನಡದಲ್ಲಿ ಹೇಳಿಸಿ ಅಂದರೆ "ಇನ್‌ಸ್ಟ್ರಕ್ಟರ್‌ಗಳು ಹೊರ ರಾಜ್ಯದವರು, ಏನು ಮಾಡೋದು" ಅನ್ನುವ ಉತ್ತರ ಬರುತ್ತದೆ, ಗೊತ್ತು. ಉತ್ತರವೂ ಅಲ್ಲೇ ದಡದಲ್ಲಿದೆ. ಮೀನು ಹಿಡಿಯುವ ಮೊಗೇರರ, ಖಾರ್ವಿಗಳ ಹುಡುಗರಿಗೆ ಆ ನೀರಿನ ಸೆಳೆತ ಎಲ್ಲಿ ಹೇಗೆ ತಿರುಗುತ್ತದೆ ಅಂತ ಯಾವ ಪುಸ್ತಕವೂ ಹೇಳಿಕೊಡಬೇಕಿಲ್ಲ. ಅವರಲ್ಲಿ ಕೆಲವರು ಈಗಾಗಲೇ ದೋಣಿ ನಡೆಸುತ್ತಾರೆ, ಸಿಲಿಂಡರ್ ಹೊರುತ್ತಾರೆ. ಹೊತ್ತುಕೊಂಡೇ ಇರುತ್ತಾರೆ ಅನ್ನೋದು ನನ್ನ ಸಿಟ್ಟು. ಡೈವ್‌ಮಾಸ್ಟರ್, ಅಂದರೆ ನೀರೊಳಗೆ ಬೇರೆಯವರನ್ನು ಕರೆದೊಯ್ಯುವ ಮಾರ್ಗದರ್ಶಿ, ಆಗಬೇಕಿದ್ದರೆ ಒಂದಾದ ಮೇಲೊಂದು ಕೋರ್ಸು, ಪ್ರತಿಯೊಂದಕ್ಕೂ ದೊಡ್ಡ ಫೀಸು, ಪಾಠ ಪರೀಕ್ಷೆ ಎಲ್ಲ ಇಂಗ್ಲಿಷ್. ಅಪ್ಪನ ದೋಣಿಯ ಸಾಲ ತೀರಿಸುತ್ತಿರುವ ಹುಡುಗ ಎಲ್ಲಿಂದ ತರುತ್ತಾನೆ? ವರ್ಷಕ್ಕೆ ಒಂದಷ್ಟು ಮಂದಿಗೆ ಇಲಾಖೆಯೇ ಫೀಸು ಕಟ್ಟಲಿ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್, ಜುಲೈ ಎರಡು ತಿಂಗಳು ರಜೆ ಇದ್ದೇ ಇರುತ್ತದಲ್ಲ, ಈಜುಕೊಳದಲ್ಲಿ ಮಾಡುವ ಪಾಠಕ್ಕೆ, ಥಿಯರಿಗೆ ಅದಕ್ಕಿಂತ ಒಳ್ಳೆ ಸಮಯ ಬೇಕಾ?

ಇನ್ನೊಂದು ಹೆದರಿಕೆ ಇದೆ, ಅದನ್ನೂ ಬರೆಯುತ್ತೇನೆ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ಕಡೆಯ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಇದೇ ಮುರುಡೇಶ್ವರದ ಬೀಚಿನಲ್ಲಿ ನೀರುಪಾಲಾದರು. ಆಮೇಲೆ ಬೀಚ್ ಬಂದ್ ಆಯಿತು. ಬಂದ್ ಆಗಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮಲ್ಲಿ ಎರಡೇ ಸ್ಥಿತಿ, ಒಂದೋ ಪೂರ್ತಿ ತೆರೆದು ಯಾರೂ ಏನೂ ಹೇಳದೆ ಬಿಡೋದು, ಇಲ್ಲ ಅನಾಹುತ ಆದ ಮೇಲೆ ಹಗ್ಗ ಕಟ್ಟಿ ಪೊಲೀಸರನ್ನು ನಿಲ್ಲಿಸೋದು. ನೇತ್ರಾಣಿಯಲ್ಲಿ ನಾಳೆ ಏನಾದರೂ ಆದರೆ ಡೈವಿಂಗ್ ಪೂರ್ತಿ ನಿಲ್ಲುತ್ತದೆ, ಅದನ್ನು ನಂಬಿದ ಹೋಮ್‌ಸ್ಟೇ, ಹೋಟೆಲ್, ದೋಣಿ ಎಲ್ಲ ನಿಲ್ಲುತ್ತವೆ, ಚೆನ್ನಾಗಿ ನಡೆಸುತ್ತಿರುವವರೂ ಕೆಟ್ಟದಾಗಿ ನಡೆಸುತ್ತಿರುವವರ ಜೊತೆ ಮುಳುಗುತ್ತಾರೆ. ಚೆನ್ನಾಗಿ ನಡೆಸುವವರು ಖಂಡಿತ ಇದ್ದಾರೆ. ಒಬ್ಬೊಬ್ಬರನ್ನೇ ಕೈ ಹಿಡಿದು ಇಳಿಸುವ, ಹೆದರಿದವರನ್ನು ಬಲವಂತ ಮಾಡದೆ ದುಡ್ಡು ವಾಪಸ್ ಕೊಡುವ ಇನ್‌ಸ್ಟ್ರಕ್ಟರ್‌ಗಳನ್ನು ನಾನೇ ನೋಡಿದ್ದೇನೆ. ಮುರುಕು ಕನ್ನಡದಲ್ಲಿ "ಉಸಿರು, ಉಸಿರು ಬಿಡಿ" ಅಂತ ಕಲಿತು ಹೇಳುವವರೂ ಇದ್ದಾರೆ. ಅವರ ಒಳ್ಳೆತನದ ಮೇಲೆ ಎಲ್ಲವನ್ನೂ ಬಿಡಬೇಡಿ ಅಂತ ನಾನು ಹೇಳೋದು.

ಓದುತ್ತಿರುವ ಬೇರೆಯವರಿಗೂ ಒಂದು ಮಾತು, ಇಲಾಖೆ ಎದ್ದೇಳುವ ತನಕ. ಅರ್ಥ ಆಗದಿದ್ದರೆ ದೋಣಿಯಲ್ಲಿ ಕೈ ಎತ್ತಿ, ಕನ್ನಡದಲ್ಲಿ ಹೇಳೋವರೆಗೂ ಇಳಿಯಬೇಡಿ, ಪಕ್ಕದವರಿಗೂ ಅದೇ ಡೌಟು ಇರುತ್ತದೆ. ಹಿಂದಿನ ರಾತ್ರಿ ಗುಂಡು ಹಾಕಬೇಡಿ. ಬೆಳಿಗ್ಗೆ ಎರಡು ಇಡ್ಲಿ ಸಾಕು, ಮಸಾಲೆ ದೋಸೆ ವಾಪಸ್ ಬಂದ ಮೇಲೆ. ದೋಣಿಯ ಓಲಾಟಕ್ಕೆ ಮಾತ್ರೆ ತಗೊಳ್ಳೋದಿದ್ದರೆ ಡಾಕ್ಟರನ್ನು ಕೇಳಿ, ಕೆಲವು ಮಾತ್ರೆಗಳಿಗೆ ನಿದ್ದೆ ಬರುತ್ತದೆ.

ಸಚಿವರೇ, ಅಧಿಕಾರಿಗಳೇ, ಮಳೆಗಾಲ ಕಳೆದು ಅಕ್ಟೋಬರ್ ಹೊತ್ತಿಗೆ ಮತ್ತೆ ದೋಣಿಗಳು ಹೊರಡುತ್ತವೆ. ಅಷ್ಟರೊಳಗೆ ಕನ್ನಡದ ಆರೋಗ್ಯ ಫಾರಂ, ದಡದಲ್ಲೇ ಕೂರಿಸಿ ತೋರಿಸುವ ಹತ್ತು ನಿಮಿಷದ ಕನ್ನಡ ವಿಡಿಯೋ, ಪ್ರತಿ ದೋಣಿಯಲ್ಲೂ ಕನ್ನಡದಲ್ಲಿ ವಿವರಿಸಬಲ್ಲ ಒಬ್ಬರು, ಇವು ಮೂರು ಇಲ್ಲದ ಸಂಸ್ಥೆಗೆ ಆ ಸೀಸನ್‌ಗೆ ಅನುಮತಿ ಇಲ್ಲ ಅಂತ ಒಂದು ಸುತ್ತೋಲೆ ಹೊರಡಿಸಿ. ಟೆಂಡರ್ ಕರೆಯುವಂಥ ದೊಡ್ಡ ಖರ್ಚೇನೂ ಇದರಲ್ಲಿ ಇಲ್ಲ. ಫಾರಂ ಮತ್ತು ವಿಡಿಯೋದ ಮಾತುಗಳ ಕರಡನ್ನು ನಾವು ಕೆಲವು ಡೈವ್ ಮಾಡುವ ಗೆಳೆಯರು ಒಬ್ಬ ಇಎನ್‌ಟಿ ಡಾಕ್ಟರ ಜೊತೆ ಕೂತು ಬರೆಯುತ್ತಿದ್ದೇವೆ. ಮುಗಿದ ಕೂಡಲೇ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ತಂದು ಕೊಡುತ್ತೇವೆ, ತಿದ್ದಿ, ಬೇಕಿದ್ದರೆ ನಿಮ್ಮ ಹೆಸರಲ್ಲೇ ಅಚ್ಚು ಹಾಕಿಸಿ.

ಇಂತಿ,
ಹೊನ್ನಾವರ ಕಡೆಯವನು, ಈಗ ಬೆಂಗಳೂರಿನಲ್ಲಿರುವವನು